ಗಾಜಿನ ಕಡಲಿಗೆ ಗಾಳಿಯ ಗುಳ್ಳೆ

ನೀರಿಗೆ ಉಪ್ಪನ್ನು ಬೆರೆಸಿದ ಮಾತ್ರಕ್ಕೆ ಅದು ಸಮುದ್ರವಾಗುವುದಿಲ್ಲವೆಂಬುದನ್ನು, ಒಳನಾಡಿನ ಊರುಗಳಲ್ಲಿ ಗಾಜಿನ ತೊಟ್ಟಿಯೊಳಗೆ ಕಡಲ ಮೀನುಗಳನ್ನು ಸಾಕಲು ಹೊರಟವರೆಲ್ಲರೂ ಮೊದಲ ಕೆಲವು ವಾರಗಳಲ್ಲಿಯೇ ಮನಗಾಣುತ್ತಾರೆ. ಶಿವಮೊಗ್ಗದ ನವುಲೆಯಂತಹ ಎಡೆಯಲ್ಲಿ ಈ ಅರಿವು ಇನ್ನೂ ಬೇಗನೆ ಬರುತ್ತದೆ; ಏಕೆಂದರೆ ಇಲ್ಲಿಂದ ಮಲ್ಪೆಯ ದಡಕ್ಕೆ ತೀರ್ಥಹಳ್ಳಿ, ಆಗುಂಬೆಗಳ ಮಾರ್ಗವಾಗಿ ನೂರೈವತ್ತು ಕಿಲೋಮೀಟರಿನಷ್ಟು ದಾರಿಯುಂಟು, ನಡುವೆ ಸಹ್ಯಾದ್ರಿ ಅಡ್ಡಲಾಗಿ ನಿಂತಿದೆ, ಮತ್ತು ತೊಟ್ಟಿಯ ನೀರು ಕೆಟ್ಟಿತೆಂದು ತಿಳಿದ ಗಳಿಗೆಯಲ್ಲಿ ನಾಲ್ಕು ಕೊಡ ಕಡಲ ನೀರನ್ನು ತಂದು ಸುರಿಯುವ ಅನುಕೂಲ ಕರಾವಳಿಯವರಿಗೆ ಇರುವಂತೆ ನಮಗಿಲ್ಲ. ಸವಳಂಗ ರಸ್ತೆಯ ಈ ಭಾಗಕ್ಕೆ ಎಂಜಿನಿಯರಿಂಗ್ ಕಾಲೇಜು, ಕೃಷಿ ಮಹಾವಿದ್ಯಾಲಯ, ಕ್ರಿಕೆಟ್ ಮೈದಾನ ಎಲ್ಲವೂ ಬಂದಿವೆ. ಕಡಲು ಮಾತ್ರ, ಮಂಜುಗಡ್ಡೆಯ ಪೆಟ್ಟಿಗೆಗಳಲ್ಲಿ ಘಟ್ಟ ಹತ್ತಿ ಬರುವ ಬಂಗುಡೆ, ಬೂತಾಯಿಗಳ ರೂಪದಲ್ಲಲ್ಲದೆ, ಬೇರೆ ಯಾವ ರೂಪದಲ್ಲಿಯೂ ಸುಲಭವಾಗಿ ಬರುವಂತಿಲ್ಲ. ಹಾಗಿದ್ದೂ ಅದನ್ನು ಮನೆಯೊಳಗೆ ಜೀವಂತವಾಗಿ ಉಳಿಸಿಕೊಳ್ಳುವುದು ಸಾಧ್ಯ. ಆ ಸಾಧ್ಯತೆಯ ಬಹುಪಾಲು, ಬರಿಗಣ್ಣಿಗೆ ಮಂಜಿನಂತೆ ಮಾತ್ರ ತೋರುವಷ್ಟು ಸಣ್ಣದಾದ ಗಾಳಿಯ ಗುಳ್ಳೆಗಳನ್ನು ಅವಲಂಬಿಸಿದೆಯೆಂಬುದು ಈ ಲೇಖನದ ವಿಷಯ.

ಉಪ್ಪಿನ ವಿಚಾರವನ್ನು ಮೊದಲು ಮುಗಿಸಿಬಿಡುವುದು ಲೇಸು. ಅಘನಾಶಿನಿಯು ಕಡಲನ್ನು ಸೇರುವ ಹಿನ್ನೀರಿನಲ್ಲಿ, ಕುಮಟಾ ತಾಲ್ಲೂಕಿನ ಸಾಣಿಕಟ್ಟಾದ ಗದ್ದೆಗಳಲ್ಲಿ ತಲೆತಲಾಂತರದಿಂದ ತಯಾರಾಗುತ್ತ ಬಂದಿರುವ ಉಪ್ಪು ಸಾಕ್ಷಾತ್ ಕಡಲ ನೀರಿನಿಂದಲೇ ಹುಟ್ಟಿದುದಾದರೂ, ಅದನ್ನು ಮತ್ತೆ ನೀರಿನಲ್ಲಿ ಕರಗಿಸಿದರೆ ಕಡಲು ಮರಳಿ ಬರುವುದಿಲ್ಲ. ಅಡುಗೆಯ ಉಪ್ಪು ಹರಳುಗಟ್ಟಿದ ಬಳಿಕ ಗದ್ದೆಯಲ್ಲಿ ಉಳಿಯುವ ಕಹಿನೀರಿನೊಡನೆ ಮೆಗ್ನೀಷಿಯಂ ಮೊದಲಾದ ಲವಣಗಳು ಹೊರಟುಹೋಗಿರುತ್ತವೆ. ಕಡಲಿನ ಒಂದು ಕಿಲೋಗ್ರಾಂ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿದ್ದು, ಅದರಲ್ಲಿ ನೂರಕ್ಕೆ 85ರಷ್ಟು ಪಾಲು ಸೋಡಿಯಂ ಮತ್ತು ಕ್ಲೋರೈಡುಗಳಿಗೇ ಸಲ್ಲುತ್ತದೆ; ಉಳಿದ 15ರಲ್ಲಿ ಸಲ್ಫೇಟ್, ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂಗಳೂ ಇನ್ನೂ ಅನೇಕ ಧಾತುಗಳ ಲೇಶಗಳೂ ಸೇರಿವೆ. ಈ ಹದಿನೈದು ಪಾಲನ್ನು ಮರೆತವನ ತೊಟ್ಟಿಯಲ್ಲಿ ಕಡಲಿನ ಜೀವ ಬಾಳದು. ಆದುದರಿಂದಲೇ ಅಂಗಡಿಯಲ್ಲಿ ದೊರೆಯುವ ಅಕ್ವೇರಿಯಂ ಸಾಲ್ಟ್ ಮಿಕ್ಸನ್ನು, ನಲ್ಲಿಯ ಕ್ಲೋರಿನ್ ಹೋಗಲೆಂದು ಆರ್‌ಓ ಯಂತ್ರದಲ್ಲಿ ಶೋಧಿಸಿದ ತುಂಗೆಯ ನೀರಿನಲ್ಲಿ ಕದಡಿ, ಸಾಂದ್ರತೆ 1.025ರ ಆಸುಪಾಸಿಗೆ ಬರುವವರೆಗೆ ಅಳೆದು ನೋಡುವುದು ಇಲ್ಲಿನವರ ಪದ್ಧತಿ. ಇಷ್ಟು ಮಾಡಿದರೆ ರಸಾಯನದ ದೃಷ್ಟಿಯಿಂದ ಕಡಲ ನೀರೇನೋ ಸಿದ್ಧವಾಯಿತು. ಅದು ಕಡಲ ನೀರಾಗಿಯೇ ಉಳಿಯುವಂತೆ ನೋಡಿಕೊಳ್ಳುವ ಕೆಲಸ ಆಗ ಆರಂಭವಾಗುತ್ತದೆ.

ತೊಟ್ಟಿಯೆಂದರೆ ಹೊರಹರಿವಿಲ್ಲದ ನೀರು. ಮೀನು ತಿನ್ನದೆ ಬಿಟ್ಟ ಆಹಾರ, ಅದರ ಮಲ, ಮೈಯಿಂದ ಕಳಚುವ ಲೋಳೆ, ಸತ್ತ ಪಾಚಿಯ ಚೂರು, ಇವೆಲ್ಲವೂ ಅಲ್ಲಿಯೇ ಕರಗಿ ಅಲ್ಲಿಯೇ ಕೊಳೆಯಬೇಕು; ಕೊಳೆಯುವಾಗ ಬ್ಯಾಕ್ಟೀರಿಯಗಳು ಮೊದಲು ಅಮೋನಿಯವನ್ನು, ಅನಂತರ ನೈಟ್ರೈಟನ್ನು, ಕಡೆಗೆ ನೈಟ್ರೇಟನ್ನು ಉಂಟುಮಾಡುತ್ತವೆ. ಸಿಹಿನೀರಿನ ತೊಟ್ಟಿಯಲ್ಲಿಯೂ ನಡೆಯುವುದು ಇದೇ ಕ್ರಮವಾದರೂ, ಕಡಲ ನೀರು ಸ್ವಭಾವತಃ ಕ್ಷಾರೀಯವಾದುದರಿಂದ ಅಲ್ಲಿ ಅಮೋನಿಯದ ವಿಷಕರವಾದ ರೂಪವು ತಟಸ್ಥವಾದ ಸಿಹಿನೀರಿನಲ್ಲಿರುವುದಕ್ಕಿಂತ ಹತ್ತು ಪಟ್ಟಿಗೂ ಮೀರಿ ಇರುತ್ತದೆ. ಅದರ ಮೇಲೆ, ಕೊಳೆಯುವ ಕ್ರಿಯೆಗೆ ಆಮ್ಲಜನಕ ಬೇಕು, ಉಪ್ಪುನೀರಿನಲ್ಲಿ ಆಮ್ಲಜನಕ ಕಡಮೆ ಕರಗುತ್ತದೆ: 25 ಡಿಗ್ರಿ ಶಾಖದಲ್ಲಿ ಒಂದು ಲೀಟರ್ ಸಿಹಿನೀರು ಎಂಟು ಮಿಲಿಗ್ರಾಮಿಗಿಂತ ಸ್ವಲ್ಪ ಹೆಚ್ಚು ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, ಅಷ್ಟೇ ಕಡಲ ನೀರು ಆರೂಮುಕ್ಕಾಲು ಮಿಲಿಗ್ರಾಮಿನ ಹತ್ತಿರಕ್ಕೆ ನಿಲ್ಲುತ್ತದೆ, ಶಿವಮೊಗ್ಗದ ಚೈತ್ರ, ವೈಶಾಖಗಳಲ್ಲಿ ತೊಟ್ಟಿಯ ನೀರು 30 ಡಿಗ್ರಿಗೆ ಏರಿದಾಗ ಅದು ಇನ್ನೂ ಕುಗ್ಗಿ ಆರರ ಸಮೀಪಕ್ಕೆ ಬರುತ್ತದೆ. ಮೀನೂ ಕೊಳೆತವೂ ಒಂದೇ ಅಲ್ಪನಿಧಿಗೆ ಕೈಯೊಡ್ಡಿ ನಿಂತಾಗ ಸೋಲುವುದು ಮೀನೇ. ರಾತ್ರಿಯ ಕಡೆಯ ಜಾವದಲ್ಲಿ, ಪಾಚಿಗಳು ಆಮ್ಲಜನಕವನ್ನು ಕೊಡುವುದನ್ನು ನಿಲ್ಲಿಸಿ ತಾವೂ ಉಸಿರಾಡುತ್ತಲೇ ಇರುವ ಹೊತ್ತಿನಲ್ಲಿ, ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯ್ದೆರೆಯುವುದನ್ನು ಕಂಡವರಿಗೆ ಈ ಅಂಕಿಗಳ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಡಲು ತನ್ನ ಮಟ್ಟಿಗೆ ಈ ಸಮಸ್ಯೆಯನ್ನು ಹೇಗೆ ಬಗೆಹರಿಸಿಕೊಂಡಿದೆಯೆಂಬುದನ್ನು ಆಷಾಢದಲ್ಲಿ ಮಲ್ಪೆಗೋ ಹೊನ್ನಾವರಕ್ಕೋ ಮರವಂತೆಗೋ ಹೋದವರು ಕಣ್ಣಾರೆ ಕಾಣಬಹುದು. ಅಲೆ ಒಡೆದು ಹಿಂದಕ್ಕೆ ಸರಿದ ಮೇಲೆ ಮರಳಿನ ಮೇಲೆ ಹಳದಿ ಮಿಶ್ರಿತ ಬಿಳಿಯ ನೊರೆ ಮುದ್ದೆ ಮುದ್ದೆಯಾಗಿ ಉಳಿಯುತ್ತದೆ, ಗಾಳಿಗೆ ನಡುಗುತ್ತದೆ, ಕೈಗೆ ತೆಗೆದುಕೊಂಡರೆ ಅಂಟಂಟಾಗಿ ನಿಧಾನವಾಗಿ ಕುಸಿಯುತ್ತದೆ. ಶುದ್ಧವಾದ ಉಪ್ಪುನೀರು ಹೀಗೆ ನೊರೆಗಟ್ಟಿ ನಿಲ್ಲಲಾರದು. ಅದನ್ನು ನಿಲ್ಲಿಸಿದುದು ನೀರಿನಲ್ಲಿ ಕರಗಿದ ಜೀವಜನ್ಯ ದ್ರವ್ಯ, ಎಂದರೆ ಪಾಚಿ, ಪ್ರಾಣಿಗಳ ಮೈಯಿಂದ ಬಂದ ಪ್ರೋಟೀನ್, ಕೊಬ್ಬು ಮುಂತಾದುವು. ಅಲೆಯು ಗಾಳಿಯನ್ನು ನೀರಿನೊಳಕ್ಕೆ ಗುದ್ದಿ ಲಕ್ಷಾಂತರ ಗುಳ್ಳೆಗಳನ್ನು ಹುಟ್ಟಿಸುತ್ತದೆ, ಗುಳ್ಳೆಗಳು ಮೇಲೇರುವಾಗ ಈ ದ್ರವ್ಯವನ್ನು ತಮ್ಮ ಮೈಗೆ ಹಚ್ಚಿಕೊಂಡು ದಡಕ್ಕೆ ತಂದೊಗೆಯುತ್ತವೆ. ಅವೇ ಗುಳ್ಳೆಗಳು ನೀರಿನ ಮೇಲೆ ಒಡೆಯುವಾಗ ಚಿಮ್ಮುವ ಅತಿಸೂಕ್ಷ್ಮವಾದ ಹನಿಗಳು ಒಣಗಿ, ಲವಣದ ಕಣಗಳಾಗಿ ಗಾಳಿಯಲ್ಲಿ ತೇಲಿ, ಮೋಡದ ಹನಿಗಳು ಕಟ್ಟಿಕೊಳ್ಳುವುದಕ್ಕೆ ಬೀಜಗಳಾಗುವುದುಂಟು. ಆಗುಂಬೆಯಲ್ಲಿ ಸುರಿದು ತುಂಗೆಗೆ ಸೇರಿ ನಮ್ಮ ನಲ್ಲಿಗೆ ಬರುವ ಮಳೆಯಲ್ಲಿ ಅರಬ್ಬೀ ಸಮುದ್ರದ ಗುಳ್ಳೆಗಳದೂ ಒಂದು ಪಾಲಿದೆಯೆಂದು ಧೈರ್ಯವಾಗಿ ಹೇಳಬಹುದು.

ಪ್ರೋಟೀನಿನಂತಹ ಅಣುಗಳಲ್ಲಿ ನೀರನ್ನು ಒಲ್ಲದ ಭಾಗವೂ ನೀರನ್ನು ಬಯಸುವ ಭಾಗವೂ ಒಟ್ಟಿಗಿರುವುದರಿಂದ, ಅವಕ್ಕೆ ನೀರಿನ ನಡುವೆ ಇರುವುದಕ್ಕಿಂತ ನೀರೂ ಗಾಳಿಯೂ ಸಂಧಿಸುವ ಗಡಿಯಲ್ಲಿ, ಒಲ್ಲದ ಭಾಗವನ್ನು ಗಾಳಿಗೆ ಚಾಚಿ, ಬಯಸುವ ಭಾಗವನ್ನು ನೀರಿನಲ್ಲಿ ಊರಿ ನಿಲ್ಲುವುದು ಹೆಚ್ಚು ಅನುಕೂಲವಾಗುತ್ತದೆ. ಹೀಗೆ ನಿಲ್ಲಬಲ್ಲ ಗಡಿಯನ್ನು ಒದಗಿಸುವುದೇ ಗುಳ್ಳೆಯ ಕೆಲಸವಾದುದರಿಂದ, ಗುಳ್ಳೆ ಸಣ್ಣದಾದಷ್ಟೂ ಕೆಲಸ ಹೆಚ್ಚುತ್ತದೆ. ಲೆಕ್ಕವಿದು: ಒಂದು ಲೀಟರ್ ಗಾಳಿಯನ್ನು ಒಂದು ಮಿಲಿಮೀಟರ್ ವ್ಯಾಸದ ಗುಳ್ಳೆಗಳನ್ನಾಗಿ ಒಡೆದರೆ ಅವುಗಳ ಒಟ್ಟು ಮೇಲ್ಮೈ 6 ಚದರ ಮೀಟರ್ ಆಗುತ್ತದೆ, ಅದೇ ಗಾಳಿಯನ್ನು ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಗುಳ್ಳೆಗಳನ್ನಾಗಿ ಒಡೆದರೆ 60 ಚದರ ಮೀಟರ್, ಎಂದರೆ ಒಂದು ದೊಡ್ಡ ಹಜಾರದ ನೆಲದಷ್ಟು. ಇಷ್ಟೇ ಅಲ್ಲ, ಅಷ್ಟು ಸಣ್ಣ ಗುಳ್ಳೆ ಏರುವುದೂ ನಿಧಾನ, ಸೆಕೆಂಡಿಗೆ ಐದು ಮಿಲಿಮೀಟರಿನಷ್ಟು, ಒಂದು ಅಡಿ ಎತ್ತರವನ್ನು ಹತ್ತಲು ಅದಕ್ಕೆ ಒಂದು ನಿಮಿಷ ಬೇಕು, ಆ ನಿಮಿಷವೆಲ್ಲ ಅದು ಕಸವನ್ನು ಹೊರುತ್ತಲೇ ಇರುತ್ತದೆ.

ಇಲ್ಲಿ ಉಪ್ಪು ಒಂದು ವಿಶೇಷ ಉಪಕಾರವನ್ನು ಮಾಡುತ್ತದೆ. ಸಿಹಿನೀರಿನಲ್ಲಿ ಸಣ್ಣ ಗುಳ್ಳೆಗಳು ಒಂದಕ್ಕೊಂದು ತಾಗಿದೊಡನೆ ಕೂಡಿಕೊಂಡು ದೊಡ್ಡವಾಗಿ ಸರ್ರನೆ ಮೇಲೆದ್ದುಹೋಗುತ್ತವೆ. ಉಪ್ಪುನೀರಿನಲ್ಲಿ ತಾಗಿದರೂ ಕೂಡದೆ ತಮ್ಮ ತಮ್ಮ ಗಾತ್ರದಲ್ಲಿಯೇ ಉಳಿಯುತ್ತವೆ. ಆಸ್ಟ್ರೇಲಿಯಾದ ರಾಷ್ಟ್ರೀಯ ವಿಶ್ವವಿದ್ಯಾಲಯದ ಕ್ರೇಗ್, ನಿನ್‌ಹ್ಯಾಮ್, ಪ್ಯಾಶ್ಲಿ ಎಂಬ ವಿಜ್ಞಾನಿಗಳು 1993ರಲ್ಲಿ ಇದನ್ನು ಪರೀಕ್ಷಿಸಿ, ಕೆಲವು ಲವಣಗಳು ಗುಳ್ಳೆಗಳ ಕೂಡುವಿಕೆಯನ್ನು ತಡೆಯುತ್ತವೆ, ಕೆಲವು ತಡೆಯುವುದಿಲ್ಲವೆಂದು ತೋರಿಸಿದರು. ಅಡುಗೆಯ ಉಪ್ಪು ತಡೆಯುವ ಗುಂಪಿಗೆ ಸೇರಿದ್ದು. ಕಾರಣದ ಬಗೆಗೆ ಭೌತವಿಜ್ಞಾನಿಗಳ ಚರ್ಚೆ ನಡೆದೇ ಇದೆ. ಆದರೆ ಮೀನು ಸಾಕುವವನಿಗೆ ಅದರ ಫಲ ಸ್ಪಷ್ಟ: ನೊರೆಯ ಮೂಲಕ ನೀರನ್ನು ಶೋಧಿಸುವ ವಿಧಾನವು ಕಡಲ ನೀರಿಗೇ ಹೇಳಿ ಮಾಡಿಸಿದಂತಿದೆ; ಸಿಹಿನೀರಿನ ಬಣ್ಣದ ಮೀನುಗಳ ತೊಟ್ಟಿಯಲ್ಲಿ ಅದೇ ಯಂತ್ರವನ್ನು ಇಟ್ಟರೆ ಅದು ಬಹುಮಟ್ಟಿಗೆ ನಿರುಪಯುಕ್ತ.

ಆ ಯಂತ್ರದ ಹೆಸರು ಪ್ರೋಟೀನ್ ಸ್ಕಿಮ್ಮರ್. ಕೆಳಗೆ ಅಗಲವಾಗಿ ಮೇಲೆ ಕಿರಿದಾಗುತ್ತ ಹೋಗುವ ಪಾರದರ್ಶಕವಾದ ಒಂದು ಕೊಳವೆ, ಅದರ ಬುಡದಲ್ಲಿ ಒಂದು ಪಂಪು, ನೆತ್ತಿಯಲ್ಲಿ ಒಂದು ಬಟ್ಟಲು, ಇಷ್ಟೇ ಅದರ ಅಂಗಾಂಗ. ಪಂಪಿನ ಚಕ್ರಕ್ಕೆ ರೆಕ್ಕೆಗಳ ಬದಲು ಸೂಜಿಯಂತಹ ಹಲ್ಲುಗಳಿದ್ದು, ನೀರಿನೊಡನೆ ಹೀರಿಕೊಂಡ ಗಾಳಿಯನ್ನು ಅವು ಕೊಚ್ಚಿ ಕೊಚ್ಚಿ ಹುಡಿ ಮಾಡುತ್ತವೆ. ಕೊಳವೆಯೊಳಗೆ ನೀರು ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಹೊಸದಾಗಿ ಹೂಡಿದ ಯಂತ್ರ ಮೊದಲ ದಿನಗಳಲ್ಲಿ ಸುಮ್ಮನೆ ಬಿಳಿಯ ನೀರನ್ನು ಕುಣಿಸುತ್ತಿರುತ್ತದೆ, ನೊರೆ ನಿಲ್ಲುವುದಿಲ್ಲ. ಕೊಳವೆಯ ಒಳಗೋಡೆಗೆ ತೆಳುವಾದ ಜಿಡ್ಡು ಹಿಡಿದ ಮೇಲೆಯೇ ಅದು ಹದಕ್ಕೆ ಬರುವುದು. ಆಮೇಲೆ ಬೆಳಿಗ್ಗೆ ಎದ್ದು ನೋಡಿದರೆ ಕೊಳವೆಯ ಕುತ್ತಿಗೆಯಲ್ಲಿ ಒತ್ತೊತ್ತಾದ ಕಂದುನೊರೆ ಒಂದರ ಮೇಲೊಂದು ಏರಿ, ಮೇಲಿನ ಪದರದ ನೀರು ಕೆಳಕ್ಕೆ ಬಸಿದುಹೋಗಿ, ಗಟ್ಟಿಯಾದ ನೊರೆ ಅಂಚನ್ನು ಮೀರಿ ಬಟ್ಟಲಿಗೆ ಬೀಳುತ್ತಿರುತ್ತದೆ. ಬಟ್ಟಲಲ್ಲಿ ಸೇರಿದ ದ್ರವ ಕಡುಚಹದ ಬಣ್ಣದ್ದು. ಮುಚ್ಚಳವನ್ನು ತೆಗೆದರೆ ಬರುವ ನಾತ, ಮೀನುಪೇಟೆಯ ಹಿಂದಿನ ಚರಂಡಿಯನ್ನು ಬಲ್ಲವರಿಗೂ ಹೊಸದೆನಿಸುವಷ್ಟು ಉಗ್ರವಾದುದು. ನನ್ನ ತೊಟ್ಟಿಯನ್ನು ಆಗಾಗ ನೋಡಲು ಬರುವ ಪಕ್ಕದ ಮನೆಯ ಹುಡುಗ ಒಮ್ಮೆ ಆ ಬಟ್ಟಲನ್ನು ಮೂಸಿ, “ಅಂಕಲ್, ನೀರು ಇಷ್ಟು ಕ್ಲೀನಾಗಿ ಕಾಣತ್ತೆ, ಇದೆಲ್ಲ ಎಲ್ಲಿ ಅಡಗಿತ್ತು?” ಎಂದು ಕೇಳಿದ. ಅವನ ಪ್ರಶ್ನೆ ಸರಿಯಾದ ಪ್ರಶ್ನೆ. ಕಣ್ಣಿಗೆ ಸ್ವಚ್ಛವಾಗಿ ಕಾಣುವ ನೀರಿನಲ್ಲಿ ಕರಗಿಯೇ ಇದ್ದುದನ್ನು ಗುಳ್ಳೆ ಹೊರಕ್ಕೆ ತಂದು ತೋರಿಸಿತ್ತು.

ಭದ್ರಾವತಿಯ ಕಡೆಯ ಕಬ್ಬಿನ ಸೀಮೆಯಲ್ಲಿ ಆಲೆಮನೆಯನ್ನು ನೋಡಿದವರಿಗೆ ಈ ಕ್ರಿಯೆ ಅಪರಿಚಿತವೆನಿಸದು. ಕೊಪ್ಪರಿಗೆಯ ಕಬ್ಬಿನ ಹಾಲು ಕುದಿಯತೊಡಗಿದಾಗ ಮೇಲೇಳುವ ಮಡ್ಡಿಯನ್ನು ಅದು ಮತ್ತೆ ಪಾಕದಲ್ಲಿ ಬೆರೆತುಹೋಗುವ ಮೊದಲೇ ಸೌಟಿನಿಂದ ತೆಗೆಯದಿದ್ದರೆ ಬೆಲ್ಲ ಕಪ್ಪಾಗುತ್ತದೆಂದು ಅಲ್ಲಿ ಎಲ್ಲರೂ ಬಲ್ಲರು. ತೊಟ್ಟಿಯ ವಿಷಯದಲ್ಲಿಯೂ ‘ಮೊದಲೇ’ ಎಂಬುದರಲ್ಲಿಯೇ ಸಾರವೆಲ್ಲ ಅಡಗಿದೆ. ಉಳಿದ ಶೋಧಕಗಳು, ಸ್ಪಂಜಾಗಲಿ, ಸೆರಾಮಿಕ್ ಉಂಡೆಗಳಾಗಲಿ, ಬ್ಯಾಕ್ಟೀರಿಯಗಳಿಗೆ ನೆಲೆಯನ್ನು ಕೊಟ್ಟು ಕಸವನ್ನು ಕೊಳೆಯಿಸಿ ಅದರ ವಿಷವನ್ನು ಕಡಮೆ ಮಾಡುತ್ತವೆ. ಆ ಕೊಳೆಯುವಿಕೆಗೆ ಬೇಕಾದ ಆಮ್ಲಜನಕವನ್ನು ನೀರೇ ತೆರಬೇಕು, ಕೊನೆಯಲ್ಲಿ ಉಳಿಯುವ ನೈಟ್ರೇಟನ್ನೂ ನೀರೇ ಹೊರಬೇಕು. ಗುಳ್ಳೆಯು ಮಾತ್ರ ಕಸವನ್ನು ಕೊಳೆಯುವ ಮುನ್ನವೇ ನೀರಿನಿಂದ ಹೊರಗೆ ಹಾಕುತ್ತದೆ, ಹಾಕುತ್ತ ಹಾಕುತ್ತಲೇ ಆಮ್ಲಜನಕವನ್ನು ತುಂಬುತ್ತದೆ. ಒಂದು ಸಾಧನದಿಂದ ಈ ಎರಡು ಪ್ರಯೋಜನಗಳೂ ಒಟ್ಟಿಗೆ ಸಿದ್ಧಿಸುವುದು ಬೇರೆಲ್ಲಿಯೂ ಇಲ್ಲವೆಂದು ನಾನು ತಿಳಿದಿದ್ದೇನೆ.

ಮನುಷ್ಯನು ಕಡಲನ್ನು ಗಾಜಿನೊಳಗಿಟ್ಟ ಇತಿಹಾಸವು ಬಹುಕಾಲ ಗುಳ್ಳೆಯ ಈ ಗುಣವನ್ನು ಅರಿಯದೆ ನಡೆದ ಇತಿಹಾಸ. ಲಂಡನ್ನಿನ ಮೃಗಾಲಯದಲ್ಲಿ 1853ರಲ್ಲಿ ಸಾರ್ವಜನಿಕ ಮತ್ಸ್ಯಾಗಾರ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿಶಾಸ್ತ್ರಜ್ಞನು ‘ದಿ ಅಕ್ವೇರಿಯಂ’ ಎಂಬ ಗ್ರಂಥವನ್ನು ಬರೆದು ಮನೆಮನೆಯಲ್ಲಿಯೂ ಕಡಲ ತೊಟ್ಟಿಯನ್ನಿಡುವ ಹುಚ್ಚನ್ನು ಇಂಗ್ಲೆಂಡಿನಲ್ಲಿ ಹಬ್ಬಿಸಿದನು. ಭಾರತದಲ್ಲಿ ಮದರಾಸಿನ ಕಡಲ ದಂಡೆಯ ಮೇಲೆ 1909ರಲ್ಲಿಯೂ, ಮುಂಬಯಿಯಲ್ಲಿ ತಾರಾಪೊರೇವಾಲಾ ಹೆಸರಿನಲ್ಲಿ 1951ರಲ್ಲಿಯೂ ಮತ್ಸ್ಯಾಲಯಗಳು ತೆರೆದುವು. ಇವೆರಡೂ ಕಡಲಿನ ಮಗ್ಗುಲಲ್ಲಿದ್ದುವು, ನೀರು ಕೈಗೆಟುಕುವಂತಿತ್ತು. ಕಡಲಿನಿಂದ ದೂರವಿರುವ ಬೆಂಗಳೂರಿನ ಕಬ್ಬನ್ ಪಾರ್ಕಿನ ಸರ್ಕಾರಿ ಮತ್ಸ್ಯಾಲಯವಾದರೋ ಮುಖ್ಯವಾಗಿ ಸಿಹಿನೀರಿನ ಮೀನುಗಳನ್ನೇ ನೆಚ್ಚಿಕೊಂಡಿತು. ಜಕಾರ್ತದ ಲೀ ಚಿನ್ ಎಂಗ್ ಎಂಬಾತನು 1961ರಲ್ಲಿ, ಕಡಲಿನಿಂದ ತೆಗೆದ ಜೀವಂತ ಬಂಡೆಗಳು, ಬೆಳಕು, ಮತ್ತು ಗಾಳಿಯ ಕೊಳವೆಯೊಂದರ ಗುಳ್ಳೆಗಳು, ಇವಿಷ್ಟರಿಂದಲೇ ಹವಳ ಮೀನುಗಳೆರಡನ್ನೂ ಬದುಕಿಸಿದ ತನ್ನ ವಿಧಾನವನ್ನು ಪ್ರಕಟಿಸಿದಾಗ ಪಾಶ್ಚಾತ್ಯ ಸಾಕಣೆಗಾರರು ಬೆರಗಾದರು. ಯಂತ್ರಗಳ ಗೊಂದಲದ ನಡುವೆ ಏಷ್ಯದ ಒಬ್ಬ ಹವ್ಯಾಸಿ ಕಡಲನ್ನೇ ಗುರುವಾಗಿಟ್ಟುಕೊಂಡು ಮುಂದಾದ ಈ ಪ್ರಸಂಗ ನನಗೆ ಬಹಳ ಪ್ರಿಯವಾದುದು. ಅದೇ ದಶಕದಲ್ಲಿ ಜರ್ಮನಿಯವರು ನೊರೆಯನ್ನು ಬೇರೆ ಮಾಡಿ ತೆಗೆಯುವ ಸ್ತಂಭಗಳನ್ನು ತೊಟ್ಟಿಗಳಿಗೆ ಅಳವಡಿಸಿದರು. ಆಗ ಗಾಳಿಯನ್ನು ಸಣ್ಣದಾಗಿ ಒಡೆಯಲು ಮೃದುವಾದ ಮರದ ತುಂಡುಗಳನ್ನು ಬಳಸುತ್ತಿದ್ದರು. ಅಂತಹ ಮರದ ಏರ್ ಸ್ಟೋನುಗಳು ಇಂದಿಗೂ ಅಂಗಡಿಗಳಲ್ಲಿ ದೊರೆಯುತ್ತವೆ, ಅವು ಕೊಡುವ ಗುಳ್ಳೆಯ ನಯವನ್ನು ಮರಳುಕಲ್ಲಿನ ಅಗ್ಗದ ಏರ್ ಸ್ಟೋನು ಕೊಡಲಾರದು.

ಇದೇ ತತ್ತ್ವವನ್ನು ನಮ್ಮ ನಾಡು ಮೀನಿಗಾಗಿ ಅಲ್ಲದೆ ಅದಿರಿಗಾಗಿಯೂ ಬಳಸಿಕೊಂಡಿತ್ತು. ಭದ್ರೆಯ ಉಗಮದ ಬೆಟ್ಟಗಳಾದ ಕುದುರೆಮುಖದಲ್ಲಿ ಗಣಿಗಾರಿಕೆ ನಡೆಯುತ್ತಿದ್ದ ಕಾಲದಲ್ಲಿ, ನುಣ್ಣಗೆ ಅರೆದ ಕಬ್ಬಿಣದ ಅದಿರಿನಿಂದ ಸಿಲಿಕದ ಕಣಗಳನ್ನು ಬೇರ್ಪಡಿಸಲು ಎತ್ತರದ ಸ್ತಂಭಗಳಲ್ಲಿ ಗುಳ್ಳೆಗಳನ್ನು ಏರಿಸಿ, ಸಿಲಿಕವನ್ನು ನೊರೆಯೊಡನೆ ತೇಲಿಸಿ ತೆಗೆಯುತ್ತಿದ್ದರು. 2005ರ ಕೊನೆಗೆ ಆ ಗಣಿ ಮುಚ್ಚಿತು, ಭದ್ರೆಗೆ ಅದರಿಂದ ಒಳಿತೇ ಆಯಿತು. ಒಂದೇ ಗುಳ್ಳೆ ಕಲ್ಲಿನ ಹುಡಿಯನ್ನೂ ಹೊರಬಲ್ಲುದು, ಮೀನಿನ ಲೋಳೆಯನ್ನೂ ಹೊರಬಲ್ಲುದೆಂಬುದಕ್ಕಾಗಿ ಇಷ್ಟನ್ನು ಹೇಳಿದೆ.

ಗುಳ್ಳೆಯನ್ನು ಇಷ್ಟು ಹೊಗಳಿದ ಮೇಲೆ ಅದರ ಮಿತಿಯನ್ನೂ ಹೇಳುವುದು ಧರ್ಮ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಕೆನ್ ಫೆಲ್ಡ್‌ಮನ್ 2009ರ ಹೊತ್ತಿಗೆ ಬೇರೆ ಬೇರೆ ಸ್ಕಿಮ್ಮರುಗಳನ್ನು ಅಳೆದು ನೋಡಿದಾಗ, ನೀರಿನಲ್ಲಿದ್ದ ಸಾವಯವ ಇಂಗಾಲದಲ್ಲಿ ಅವು ತೆಗೆಯಬಲ್ಲುದು ಸ್ಥೂಲವಾಗಿ ನೂರಕ್ಕೆ 20ರಿಂದ 35ರವರೆಗೆ ಮಾತ್ರವೆಂದೂ, ಬೆಲೆಬಾಳುವ ಯಂತ್ರಕ್ಕೂ ಸಾಧಾರಣ ಯಂತ್ರಕ್ಕೂ ಈ ವಿಷಯದಲ್ಲಿ ಹೇಳಿಕೊಳ್ಳುವಂತಹ ಅಂತರವಿಲ್ಲವೆಂದೂ ಕಂಡುಬಂದಿತು. ಗಡಿಯಲ್ಲಿ ನಿಲ್ಲಲು ಒಲಿಯದ ಅಣುಗಳು, ಉದಾಹರಣೆಗೆ ಸಕ್ಕರೆಯ ಜಾತಿಯವು, ಗುಳ್ಳೆಗೆ ಸಿಕ್ಕುವುದಿಲ್ಲ. ಅಮೋನಿಯ, ನೈಟ್ರೇಟುಗಳಂತೂ ಸಿಕ್ಕುವುದೇ ಇಲ್ಲ. ಆದುದರಿಂದ ಬಟ್ಟಲು ಕಪ್ಪಾಗಿ ತುಂಬಿತೆಂದು ಹಿಗ್ಗಿ ನೀರು ಬದಲಿಸುವ ಕೆಲಸವನ್ನು ಕೈಬಿಡುವುದು ಸಲ್ಲದು. ದುಬಾರಿಯ ಯಂತ್ರಕ್ಕೆ ಆಸೆಪಡುವ ಹೊಸಬರಿಗೆ ನಾನು ಈ ಮಾತನ್ನು ಒತ್ತಿ ಹೇಳುತ್ತೇನೆ.

ಈಗ ವಿವಾದದ ಭಾಗಕ್ಕೆ ಬರೋಣ. ಸ್ಕಿಮ್ಮರಿನ ಕೊಳವೆಯೊಳಗೆ ಗುಳ್ಳೆ ಒಳ್ಳೆಯದಾದರೆ, ತೊಟ್ಟಿಯೊಳಗೇ ಏಕೆ ಬಿಡಬಾರದು? ಕೆಲವರು ರಾತ್ರಿ ದೀಪಗಳನ್ನು ಆರಿಸಿದ ಮೇಲೆ ಮರದ ಏರ್ ಸ್ಟೋನೊಂದನ್ನು ನೀರು ತಿರುಗಿಸುವ ಪಂಪಿನ ಬಾಯಿಗೆ ಹತ್ತಿರವಾಗಿ ಇಟ್ಟು, ಪಂಪಿನ ಚಕ್ರವೇ ಗುಳ್ಳೆಗಳನ್ನು ಮತ್ತಷ್ಟು ಕೊಚ್ಚುವಂತೆ ಮಾಡಿ, ತೊಟ್ಟಿಯಿಡೀ ಬೆಳ್ಳನೆಯ ಮಬ್ಬು ತುಂಬುವಂತೆ ಕೆಲವು ಗಂಟೆಗಳ ಕಾಲ ನಡೆಸಿ ಬೆಳಗಾಗುವ ಮುನ್ನ ನಿಲ್ಲಿಸುತ್ತಾರೆ. ಅವರ ವಾದ ಹೀಗೆ: ಕಡಲಿನ ಹವಳದಿಬ್ಬದ ನೆತ್ತಿಯಲ್ಲಿ ಬೆಳೆಯುವ ಹವಳಗಳು ಹುಟ್ಟಿದಂದಿನಿಂದ ಅಲೆಯೊಡೆತದ ಗುಳ್ಳೆಗಳಲ್ಲಿಯೇ ಮಿಂದಿವೆ, ಗುಳ್ಳೆ ತಗಲಿದಾಗ ಅವು ಲೋಳೆಯನ್ನು ಕಳಚುತ್ತವೆ, ಲೋಳೆಯೊಡನೆ ಮೇಲೆ ಕೂತ ಧೂಳೂ ಎದ್ದುಹೋಗುತ್ತದೆ, ಬಂಡೆಯ ಸಂದಿಗಳಲ್ಲಿ ಅಡಗಿದ ಕೆಸರು ಸಡಿಲವಾಗಿ ತೇಲಿ ಸ್ಕಿಮ್ಮರಿನ ಪಾಲಾಗುತ್ತದೆ, ಮರುದಿನ ನೀರಿನ ಪಾರದರ್ಶಕತೆಯೇ ಬೇರೆ. ಹವಳಗಳಿಲ್ಲದ ನನ್ನ ತೊಟ್ಟಿಯಲ್ಲಿ ಇದನ್ನು ಮಾಡಿದಾಗ ಕಂಡುದು ಇಷ್ಟು: ಬಂಡೆಯ ಮೇಲೆ ಕೂತಿದ್ದ ಬೂದು ಬಣ್ಣದ ಹುಡಿಗೆ ಸೂಕ್ಷ್ಮವಾದ ಗುಳ್ಳೆಗಳು ಮುತ್ತಿನ ಸರಗಳಂತೆ ಅಂಟಿಕೊಂಡು, ಸ್ವಲ್ಪ ಹೊತ್ತಿನಲ್ಲಿ ಹುಡಿಯ ಚಕ್ಕೆಗಳು ಒಂದೊಂದಾಗಿ ಕಿತ್ತು ಮೇಲಕ್ಕೆ ತೇಲಿದುವು, ಬೆಳಿಗ್ಗೆ ಬಟ್ಟಲಿನ ದ್ರವವು ಎಂದಿಗಿಂತ ಗಾಢವಾಗಿತ್ತು. ಇದರಿಂದ ಮೀನುಗಳ ಆರೋಗ್ಯ ಹೆಚ್ಚಿತೆಂದು ಹೇಳಲು ನನಗೆ ಧೈರ್ಯವಿಲ್ಲ; ಕಸವು ಸ್ಥಳಾಂತರವಾದುದು ಮಾತ್ರ ನಿಜ.

ಎರಡನೆಯ ವಾದವು ಪಿಎಚ್‌ಗೆ ಸಂಬಂಧಿಸಿದುದು. ರಾತ್ರಿಯ ವೇಳೆ ಎಲ್ಲ ಜೀವಿಗಳೂ ಉಸಿರಾಡಿ ಇಂಗಾಲದ ಡೈಆಕ್ಸೈಡನ್ನು ಬಿಡುವುದರಿಂದ ತೊಟ್ಟಿಯ ಪಿಎಚ್ 8.2ರಿಂದ ಇಳಿದು 7.8ಕ್ಕೆ ಬರುವುದುಂಟು, ಗುಳ್ಳೆಗಳು ಆ ಅನಿಲವನ್ನು ಹೊರಕ್ಕೆ ಒಯ್ದು ಇಳಿತವನ್ನು ತಡೆಯುತ್ತವೆಂಬುದು ಅವರ ನಂಬಿಕೆ. ಇದರಲ್ಲಿ ಅರ್ಧ ಸತ್ಯವಿದೆ. ಗುಳ್ಳೆಯು ನೀರನ್ನೂ ಗಾಳಿಯನ್ನೂ ಸಮತೋಲಕ್ಕೆ ತರುತ್ತದೆಯೇ ಹೊರತು, ಆ ಗಾಳಿ ಎಂತಹುದೆಂದು ವಿಚಾರಿಸುವುದಿಲ್ಲ. ಹೊರಗಿನ ಗಾಳಿಯಲ್ಲಿ ಈ ಅನಿಲ ಹತ್ತು ಲಕ್ಷಕ್ಕೆ 420ರಷ್ಟು ಭಾಗವಿದ್ದರೆ, ಕಿಟಕಿಗಳನ್ನು ಮುಚ್ಚಿ ಮೂರು ನಾಲ್ಕು ಜನ ಮಲಗಿದ ಕೋಣೆಯಲ್ಲಿ ಸಾವಿರವನ್ನು ಮೀರುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆಯ ಇರಚಲಿಗೆ ಹೆದರಿ ಕಿಟಕಿ ಮುಚ್ಚಿದ ನಮ್ಮ ಮನೆಗಳಲ್ಲಿ ಎಷ್ಟು ಗುಳ್ಳೆ ಬಿಟ್ಟರೂ ಪಿಎಚ್ ಏಳುವುದಿಲ್ಲವೆಂದರೆ ಆಶ್ಚರ್ಯವೇನು? ಗಾಳಿಯ ಕೊಳವೆಯ ತುದಿಯನ್ನು ಕಿಟಕಿಯ ಚೌಕಟ್ಟಿನಲ್ಲಿ ಒಂದು ರಂಧ್ರ ಮಾಡಿ ಹೊರಗೆ ಚಾಚಿ, ಮಳೆನೀರು ನುಗ್ಗದಂತೆ ಕೆಳಮುಖವಾಗಿ ಬಗ್ಗಿಸಿಟ್ಟರೆ ಅದೇ ಗುಳ್ಳೆಗಳು ಕೆಲಸ ಮಾಡತೊಡಗುತ್ತವೆ. ಖರ್ಚು ಎರಡು ಮೂರು ಮೀಟರ್ ಪ್ಲಾಸ್ಟಿಕ್ ಕೊಳವೆಯದು.

ಅಪಾಯಗಳೂ ಇಲ್ಲದಿಲ್ಲ. ಸ್ಪಂಜುಗಳೆಂಬ ಕಡಲಜೀವಿಗಳ ಜೀವಕೋಶಗಳ ನಡುವೆ ಗಾಳಿ ಸಿಕ್ಕಿಕೊಂಡರೆ ಆ ಭಾಗ ಸಾಯುತ್ತದೆಂದು ಸಾಕಿದವರು ಎಚ್ಚರಿಸುತ್ತಾರೆ. ಗುಳ್ಳೆಗಳು ಮೇಲೆ ಒಡೆದು ಎರಚುವ ಉಪ್ಪುಹನಿ ದೀಪ, ಪ್ಲಗ್ಗುಗಳ ಮೇಲೆ ಬಿಳಿಯ ಹೊಪ್ಪಳೆಯಾಗಿ ಬೆಳೆಯುತ್ತದೆ. ವಿದ್ಯುತ್ತಿನ ಬಳಿ ಇದು ಉಪೇಕ್ಷಿಸುವಂತಹುದಲ್ಲ, ಪ್ಲಗ್ಗಿಗೆ ಬರುವ ತಂತಿ ಮೊದಲು ಕೆಳಗೆ ಜೋತು ಅನಂತರ ಮೇಲೇರುವಂತಿದ್ದರೆ ಹರಿದುಬಂದ ನೀರು ಪ್ಲಗ್ಗನ್ನು ಮುಟ್ಟದೆ ತೊಟ್ಟಿಕ್ಕುತ್ತದೆ. ಎಲ್ಲಕ್ಕಿಂತ ಮಿಗಿಲಾದುದು ಒತ್ತಡದ ಅಪಾಯ. ತೆರೆದ ನೀರಿನಲ್ಲಿ ಏರುವ ಗುಳ್ಳೆ ನಿರಪಾಯಕಾರಿ; ಆದರೆ ಪಂಪಿನ ಹೀರುಗೊಳವೆಯ ಕೀಲಿನಲ್ಲಿ ಸಣ್ಣ ಬಿರುಕಿದ್ದು, ಅಲ್ಲಿ ನುಸುಳಿದ ಗಾಳಿ ಒತ್ತಡದಲ್ಲಿ ನೀರಿನೊಳಕ್ಕೆ ಕರಗಿದರೆ, ನೀರು ತಾಳುವುದಕ್ಕಿಂತ ಹೆಚ್ಚಿನ ಅನಿಲವನ್ನು ಹೊತ್ತುಕೊಂಡು ಮೀನಿನ ರಕ್ತದಲ್ಲಿಯೂ ಅದನ್ನು ತುಂಬುತ್ತದೆ; ಆಗ ರೆಕ್ಕೆಯ ಪೊರೆಯಲ್ಲಿ, ಕಣ್ಣಿನ ಹಿಂದೆ ಗುಳ್ಳೆಗಳೆದ್ದು ಮೀನು ಸಾಯುವುದುಂಟು. ಆದುದರಿಂದ ಗುಳ್ಳೆ ಎಲ್ಲಿ ಹುಟ್ಟುತ್ತಿದೆಯೆಂಬುದನ್ನು ಅರಿಯದವರು ತೊಟ್ಟಿಯೊಳಗೆ ಮಬ್ಬು ಕಂಡಾಗ ಸಂತೋಷಪಡದೆ ಕೀಲುಗಳನ್ನು ಪರೀಕ್ಷಿಸತಕ್ಕದ್ದು.

ಮಲೆನಾಡಿನ ಮಟ್ಟಿಗೆ ಇವೆಲ್ಲಕ್ಕಿಂತ ನಿಜವಾದ ಶತ್ರು ಕರೆಂಟು ಹೋಗುವುದು. ಗಾಳಿಮಳೆಯ ರಾತ್ರಿ ಎಲ್ಲೋ ಮರದ ಕೊಂಬೆ ತಂತಿಯ ಮೇಲೆ ಬಿದ್ದರೆ ಲೈನ್‌ಮನ್ ಬರುವವರೆಗೆ ಕತ್ತಲು. ಪಂಪು ನಿಂತು, ನೀರು ನಿಶ್ಚಲವಾಗಿ, ಕೆಲವೇ ಗಂಟೆಗಳಲ್ಲಿ ಆಮ್ಲಜನಕ ತೀರಿಹೋಗುತ್ತದೆ. ಬ್ಯಾಟರಿಯಿಂದ ನಡೆಯುವ ಪುಟ್ಟ ಏರ್ ಪಂಪು, ಕರೆಂಟು ಹೋದೊಡನೆ ತಾನಾಗಿಯೇ ಚಾಲನೆಗೊಳ್ಳುವಂತಹುದು, ಇಲ್ಲಿ ಸ್ಕಿಮ್ಮರಿಗಿಂತಲೂ ಮೊದಲು ಕೊಳ್ಳಬೇಕಾದ ವಸ್ತು. ಇಂತಹ ರಾತ್ರಿಯಲ್ಲಿ ಗುಳ್ಳೆ ಸಣ್ಣದೋ ದೊಡ್ಡದೋ ಎಂಬ ಚರ್ಚೆಯಿಲ್ಲ. ನೀರನ್ನು ಕೆಳಗಿನಿಂದ ಮೇಲಕ್ಕೆತ್ತಿ ಮೇಲ್ಮೈಯನ್ನು ಕಲಕುವ ಯಾವ ಗುಳ್ಳೆಯಾದರೂ ಸರಿಯೇ.

ಹವಳಗಳನ್ನು ನಾನು ಸಾಕಿಲ್ಲವೆಂದೆ. ಮುರ್ಡೇಶ್ವರದ ಎದುರಿಗೆ ಕಡಲಿನಲ್ಲಿರುವ ನೇತ್ರಾಣಿ ದ್ವೀಪದ ಸುತ್ತ ಹವಳಗಳೂ ಅವುಗಳ ನಡುವಿನ ಬಣ್ಣದ ಮೀನುಗಳೂ ಇರುವುದನ್ನು ಮುಳುಗಿ ನೋಡಿ ಬಂದವರು ಬಣ್ಣಿಸುವುದನ್ನು ಕೇಳಿದ್ದೇನೆ. ಅವು ಅಲ್ಲಿಯೇ ಇರಬೇಕಾದುವು. ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನೂ ಕಡಲ ಬೀಸಣಿಗೆಗಳನ್ನೂ ಕಡಲ್ಗುದುರೆಗಳನ್ನೂ ಸೇರಿಸಿದ ಮೇಲೆ ನಮ್ಮ ಕಡಲಿನಿಂದ ಅವನ್ನು ಕಿತ್ತು ತರುವುದು ಅಪರಾಧ. ಮೀನುಗಳ ವಿಷಯದಲ್ಲಿ ಬೇರೆ ದಾರಿಯಿದೆ. ಮಂಗಳೂರು, ಕಾರವಾರಗಳಲ್ಲಿಯೂ ಕೇಂದ್ರಗಳನ್ನುಳ್ಳ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮೀನು, ಡ್ಯಾಮ್ಸೆಲ್ ಮೀನುಗಳನ್ನು ತೊಟ್ಟಿಯಲ್ಲಿಯೇ ಮರಿ ಮಾಡಿಸುವ ವಿಧಾನವನ್ನು ರೂಪಿಸಿದ್ದಾರೆ. ಹಾಗೆ ಹುಟ್ಟಿದ ಮರಿಯು ಕಡಲನ್ನು ಕಂಡೇ ಇಲ್ಲವಾದುದರಿಂದ ಅದನ್ನು ಸಾಕುವುದರಿಂದ ಯಾವ ದಿಬ್ಬವೂ ಬರಿದಾಗುವುದಿಲ್ಲ. ಅಲ್ಲಿಯೂ ಗುಳ್ಳೆಗೆ ಕೆಲಸವುಂಟು. ಕ್ಲೌನ್ ಮೀನಿನ ಗಂಡು ಬಂಡೆಗೆ ಅಂಟಿಕೊಂಡಿರುವ ಕಿತ್ತಳೆ ಬಣ್ಣದ ಮೊಟ್ಟೆಗಳ ಮುಂದೆ ನಿಂತು ಒಂದು ವಾರದವರೆಗೆ ತನ್ನ ರೆಕ್ಕೆಗಳಿಂದ ಬಿಡದೆ ಬೀಸುತ್ತ ಹೊಸ ನೀರನ್ನು ಹಾಯಿಸುತ್ತಿರುತ್ತದೆ. ಮೊಟ್ಟೆಗಳನ್ನು ತಂದೆಯಿಂದ ಬೇರ್ಪಡಿಸಿ ಮರಿ ಮಾಡಿಸಬೇಕಾದಾಗ ಆ ಬೀಸುವ ಕೆಲಸವನ್ನು ಮಂದವಾಗಿ ಬಿಟ್ಟ ಗುಳ್ಳೆಗಳ ಸಾಲೊಂದು ವಹಿಸಿಕೊಳ್ಳುತ್ತದೆ. ಮೊಟ್ಟೆಯೊಡೆದ ರಾತ್ರಿಯೇ ಅದನ್ನು ತೀರ ಕಡಮೆ ಮಾಡತಕ್ಕದ್ದು. ಕೂದಲೆಳೆಯಷ್ಟು ತೆಳ್ಳಗಿನ ಮರಿಗಳಿಗೆ ಗುಳ್ಳೆಯ ರಭಸವೇ ಮಾರಕ.

ನನಗೊಂದು ಆಸೆಯುಂಟು. ತೊಟ್ಟಿಯೊಳಗೆ ರಾತ್ರಿ ಗುಳ್ಳೆ ಬಿಡುವುದರಿಂದ ನಿಜವಾಗಿ ಏನಾಗುತ್ತದೆಂಬುದನ್ನು ನಮ್ಮ ಊರಿನಲ್ಲಿಯೇ ಅಳೆದು ನೋಡಬೇಕು. ನವುಲೆಯಲ್ಲಿ ಸಿವಿಲ್ ಎಂಜಿನಿಯರಿಂಗ್ ಕಲಿಯುವ ಹುಡುಗ ಹುಡುಗಿಯರಿಗೆ ನೀರಿನ ಆಮ್ಲಜನಕ, ಪಿಎಚ್‌ಗಳನ್ನು ಅಳೆಯುವುದು ಪ್ರಯೋಗಶಾಲೆಯ ನಿತ್ಯದ ಪಾಠ. ಕೂಗಳತೆಯಲ್ಲಿ ಕೃಷಿ ಮಹಾವಿದ್ಯಾಲಯವಿದೆ. ಒಂದೇ ಅಳತೆಯ ಎರಡು ತೊಟ್ಟಿಗಳು, ಒಂದೇ ಪೀಪಾಯಿಯಿಂದ ಹಂಚಿದ ನೀರು, ಒಂದೇ ತಾಯಿಯ ಕ್ಲೌನ್ ಮರಿಗಳು ಸಮಸಂಖ್ಯೆಯಲ್ಲಿ, ತೂಗಿ ಹಾಕಿದ ಆಹಾರ, ಒಂದೇ ಬಗೆಯ ಸ್ಕಿಮ್ಮರು; ಒಂದರಲ್ಲಿ ಮಾತ್ರ ರಾತ್ರಿ ಮರದ ಏರ್ ಸ್ಟೋನಿನ ಗುಳ್ಳೆ. ಸೂರ್ಯೋದಯಕ್ಕೆ ಮುನ್ನ ಎರಡರ ಪಿಎಚ್, ಆಮ್ಲಜನಕಗಳನ್ನು ಬರೆದಿಟ್ಟು, ವಾರಕ್ಕೊಮ್ಮೆ ಬಟ್ಟಲಿನ ದ್ರವವನ್ನು ಒಲೆಯಲ್ಲಿ ಒಣಗಿಸಿ ಉಳಿದುದನ್ನು ತೂಗಬೇಕು. ಒಣಗಿದ ತೂಕದಲ್ಲಿ ಉಪ್ಪಿನ ಪಾಲನ್ನು ಕಳೆಯುವುದನ್ನು ಮರೆಯಬಾರದು, ಇಲ್ಲದಿದ್ದರೆ ನೀರು ನೀರಾದ ನೊರೆಯೇ ಹೆಚ್ಚು ತೂಗಿ ಮೋಸಮಾಡುತ್ತದೆ. ಕೆಲವು ವಾರಗಳ ಬಳಿಕ ಗುಳ್ಳೆಯನ್ನು ಈ ತೊಟ್ಟಿಯಿಂದ ಆ ತೊಟ್ಟಿಗೆ ಬದಲಿಸಿ ಮತ್ತೆ ಅಷ್ಟೇ ಕಾಲ ಅಳೆದರೆ, ವ್ಯತ್ಯಾಸವು ಗುಳ್ಳೆಯದೋ ತೊಟ್ಟಿಯದೋ ಎಂಬ ಸಂಶಯವೂ ಬಹುಮಟ್ಟಿಗೆ ಕಳೆಯುತ್ತದೆ. ಮಳೆಗಾಲದಲ್ಲಿ ಆರಂಭಿಸಿದರೆ ಒಳ್ಳೆಯದು. ಕಿಟಕಿ ಮುಚ್ಚಿದ ಕೋಣೆಯ ಗಾಳಿಗೂ ಹೊರಗಿನ ಗಾಳಿಗೂ ಇರುವ ಭೇದವನ್ನು ಅದೇ ಪ್ರಯೋಗದಲ್ಲಿ ಸೇರಿಸಿಕೊಳ್ಳಬಹುದು. ಯಾರಾದರೂ ಮುಂದೆ ಬಂದರೆ ನನ್ನಲ್ಲಿರುವ ಹಳೆಯ ಸ್ಕಿಮ್ಮರನ್ನೂ, ಎರಡು ಮರದ ಏರ್ ಸ್ಟೋನುಗಳನ್ನೂ ಕೊಡಲು ಸಿದ್ಧನಿದ್ದೇನೆ.